ಒಂದು ದಿನವೂ ತಪ್ಪಿಸದೆ

ಜೂನ್ ೪, ಬೆಳಿಗ್ಗೆ ಆರು
ಅಣ್ಣನಿಗೆ ನಾಲ್ಕು ಮಾತ್ರೆ. ನುಂಗಿಸಿದೆ. ಕಾರ್ಡಿಗೆ ಗೀಟು — ಇಪ್ಪತ್ತೆರಡನೇ ದಿನ. ಸ್ವಲ್ಪ ಹೊತ್ತಿಗೆ ಎಲ್ಲ ಕಕ್ಕಿದ. ಬಕೆಟ್ ತೊಳೆದು ಮತ್ತೆ ನಾಲ್ಕು ಕೊಟ್ಟೆ. ಕ್ಲಿನಿಕ್ಕಿನ ಸಿಸ್ಟರ್ ಹೇಳಿದ್ದು ಹಾಗೆ.
"ಗಣಿಯ ಫೋರ್‌ಮನ್ ನಿನಗಿಂತ ವಾಸಿ ಕಣೇ. ಭಾನುವಾರನಾದ್ರೂ ಬಿಡ್ತಿದ್ದ."
ಚಿನ್ನದ ಗಣಿಯಿಂದ ಕ್ಷಯ ತಂದವನು ಅಣ್ಣ ಮೊಖೆಥಿ. ಬೈಗುಳ ನನಗೆ.

ಜೂನ್ ೧೧
ಎರಡು ಗುಡ್ಡ ದಾಟಿ ಕ್ಲಿನಿಕ್. ಸಿಸ್ಟರ್ ಅಣ್ಣನ ಕಾರ್ಡ್ ಎತ್ತಿ ಎಲ್ಲರಿಗೂ ತೋರಿಸಿದಳು. "ನೋಡ್ರಿ, ಈ ಹುಡುಗಿ ದಿನೆಯೊ ಒಂದು ದಿನವೂ ತಪ್ಪಿಸಿಲ್ಲ. ಕಲೀರಿ!"
ನೆಲ ನೋಡುತ್ತ ಹೇಳಿದೆ — ಅಣ್ಣನಿಗೆ ಊಟ ಸೇರ್ತಿಲ್ಲ, ಉಚ್ಚೆ ಕಪ್ಪು ಟೀ ತರ.
"ಮಾತ್ರೆಗೆ ಉಚ್ಚೆ ಕೆಂಪಗಾಗತ್ತೆ ಅಂದಿದ್ನಲ್ಲಮ್ಮ. ಮುಂದಿನವರು!"
ಕೆಂಪಲ್ಲ, ಕಪ್ಪು. ಅನ್ನುವಷ್ಟರಲ್ಲಿ ಹಿಂದಿನವರು ನನ್ನನ್ನು ಸರಿಸಿ ಮುಂದೆ ಬಂದರು. ಇಷ್ಟುದ್ದ ಗುಡ್ಡ ಹತ್ತಿ ಇಳಿದದ್ದು ಹೊಗಳಿಸಿಕೊಳ್ಳಲಿಕ್ಕಾ?

ಜೂನ್ ೧೭
ಅಮ್ಮನಿಗೆ ಎಲ್ಲ ಗೊತ್ತು. "ಪಿತ್ತ. ಹೊಟ್ಟೆ ತೊಳೆದ್ರೆ ಹೋಗತ್ತೆ." ಬೇರು ಕುದಿಸಿ ಚೊಂಬು ತುಂಬ ಕುಡಿಸಿದಳು. ಬೆಳಿಗ್ಗೆ ನನ್ನ ಮಾತ್ರೆ, ಸಂಜೆ ಅವಳ ಬೇರು.
ಇವತ್ತು ಬಾಯಿ ಬಿಗಿದ. ಮೂಗು ಹಿಡಿದೆ. ತೆರೆದ. ಹಾಕಿದೆ. ಗೀಟು.

ಜೂನ್ ೨೦
ಜೂನಿನ ಚಳಿಗಾಲ. ಹಿಮ ಬಿದ್ದ ಮೇಲೆ ಬಿಸಿಲು. ಹೊರಗೆ ಕೂರಿಸಿ ಕಂಬಳಿ ಸರಿಸಿದೆ. ಕಣ್ಣು ಹಳದಿ. ಮೆಕ್ಕೆಜೋಳದ ಹಾಗೆ. ಆ ಕತ್ತಲೆ ಮನೆಯೊಳಗೆ ಎಷ್ಟು ದಿನದಿಂದ ಹೀಗೆ...
"ಪಿತ್ತ ಮೇಲಕ್ಕೆ ಬಂತು ನೋಡು! ಇನ್ನೊಂದು ಚೊಂಬು," ಅಂದಳು ಅಮ್ಮ. ಸಂಭ್ರಮ ಬೇರೆ!
ಚೊಂಬು ಕಿತ್ತು ಹಿಮಕ್ಕೆ ಸುರಿದೆ. ಅಣ್ಣನನ್ನು ಆಸ್ಪತ್ರೆಗೆ ಒಯ್ಯಲು ಪಕ್ಕದವರ ಕುದುರೆ ಕೇಳಿದೆ.

ಜೂನ್ ೨೨, ರಾಜಧಾನಿ ಮಸೇರು, ಆಸ್ಪತ್ರೆ
ಮಾತ್ರೆಯೇ ಲಿವರ್ ಕೆಡಿಸಿದೆ. ಎಲ್ಲ ನಿಲ್ಲಿಸಿದರು.
"ವಾಂತಿ ಶುರುವಾದಾಗಲೇ ರಕ್ತ ನೋಡಬೇಕಿತ್ತು. ಹಳದಿಯಾದ್ರೆ ನಿಲ್ಲಿಸಿ ಓಡಿ ಬನ್ನಿ ಅಂತ ಯಾರೂ ಹೇಳ್ಲಿಲ್ವಾ?" ಡಾಕ್ಟರ್.
ಇಲ್ಲ. ತಪ್ಪಿಸಬೇಡ ಅಂದರು. ತಪ್ಪಿಸಬೇಡ, ತಪ್ಪಿಸಬೇಡ. ನಿಲ್ಲಿಸುವ ದಿನವೂ ಒಂದಿದೆ ಅಂತ ಒಬ್ಬರ ಬಾಯಲ್ಲೂ ಬರಲಿಲ್ಲ.
"ಬೇರೇನಾದ್ರೂ ಕುಡಿಸಿದ್ರಾ?"
ಅಮ್ಮ ನನ್ನ ತೊಡೆ ಚಿವುಟಿದಳು. ಹೇಳಿದೆ. ಬೇರು. ಕಪ್ಪು ಉಚ್ಚೆ. ಮೂಗು ಹಿಡಿದದ್ದು. ಅದನ್ನು ಹೇಳುವಾಗ ಅಣ್ಣ ನನ್ನನ್ನೇ ನೋಡುತ್ತಿದ್ದ.

ಜುಲೈ ೧೭
ಇನ್ನೂ ಆಸ್ಪತ್ರೆಯಲ್ಲೇ. ಅಣ್ಣನ ಕಣ್ಣು ಮತ್ತೆ ಬಿಳಿ. ಕೆಮ್ಮು ಜೋರು, ಬಟ್ಟೆಯಲ್ಲಿ ರಕ್ತ. ನಾಳೆಯಿಂದ ಒಂದೊಂದೇ ಮಾತ್ರೆಯಂತೆ. ರಕ್ತ ನೋಡಿ ಮುಂದಿನದು. ನುಂಗದಿದ್ದರೆ ಎದೆ ಉಳಿಯಲ್ಲ ಅಂದರು ಡಾಕ್ಟರ್.
"ಯಾರ ಕೈಯಿಂದಲೂ ಬೇಡ. ಇವಳ ಕೈಯಿಂದಂತೂ ಬೇಡವೇ ಬೇಡ," ಅಂದ ಅಣ್ಣ, ನನ್ನನ್ನು ತೋರಿಸಿ.

ಜುಲೈ ೧೮, ಬೆಳಿಗ್ಗೆ ಆರು
ನರ್ಸ್ ಕೊಟ್ಟದ್ದನ್ನು ಉಗಿದ. ಇನ್ನೊಂದನ್ನು ನನಗೆ ಕೊಟ್ಟು ಹೋದಳು.
"ನುಂಗಲ್ವಾ? ಸಾಯಿ ಹಾಗಾದ್ರೆ!" ಅಂದುಬಿಟ್ಟೆ.
ತಿರುಗಿದ. ಏನೋ ಬೈಯಲು ಹೋಗಿ ಕೆಮ್ಮು ಬಂತು. ಬಾಯಿ ಅಗಲ ತೆರೆದಿತ್ತು. ಹಾಕಬಹುದಿತ್ತು. ಹಾಕಲಿಲ್ಲ.

ಎಂಟು
ಗೋಡೆ ಕಡೆ ಮಲಗಿದ್ದಾನೆ. ಕೇಳುವವರೆಗೂ ಕೊಡಲ್ಲ. ಕ್ಯಾಪ್ಸೂಲಿನ ಕೆಂಪು ಅಂಗೈಗೆ ಹತ್ತಿದೆ.

ಎಂಟೂವರೆ
"ನೀರು."
"ಬರೀ ನೀರಾ?"
ಕಂಬಳಿಯಿಂದ ಕೈ ಬಂತು. ಒಂದೇ ಕೈ. ತಗೊಳ್ಳುವಾಗ ಎರಡೂ ಕೈ ಒಡ್ಡಬೇಕು ಅಂತ ಅಮ್ಮ ಹೊಡೆದು ಕಲಿಸಿದ್ದಳು ನಮಗೆ. ಒಂದೇ ಕೈ, ನಾಯಿಗೆ ಚಾಚುವ ಹಾಗೆ. ಆದರೆ ಅಂಗೈ ಮೇಲಾಗಿ ಬಿಡಿಸಿದ್ದಾನೆ.
ಹಾಳಾದವನು. ಲೋಟ ಎಲ್ಲಿ —