ಕಲ್ಮೇಶನ ಸ್ಟೂಲು

ಬೈಲಹೊಂಗಲ,
12 ಫೆಬ್ರುವರಿ 2025, ಬುಧವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಪಕ್ಕೆಲುಬಿನ ನೋವು ಕಡಿಮೆಯಾಯಿತೇ? ಥಂಡಿಯಲ್ಲಿ ಬರಿನೆಲದ ಮೇಲೆ ಮಲಗಿದರೆ ಅದು ಮತ್ತೆ ಏಳುತ್ತದೆ ಎಂದು ಡಾಕ್ಟರು ಹೇಳಿದ್ದರು. ಕಂಬಳಿಯನ್ನು ಎರಡು ಮಡಿಕೆ ಮಾಡಿ ಹಾಸಿಕೋ. ಊಟ ಸರಿಯಾಗಿ ಮಾಡು. ನಿನ್ನನ್ನು ನೋಡಲು ಬೆಳಗಾವಿಯ ಜೈಲಿಗೆ ಎರಡು ಸಲ ಬಂದಿದ್ದೆ. ಎರಡು ಸಲವೂ ಬಾಗಿಲಲ್ಲಿದ್ದ ಪೊಲೀಸರು ಒಳಗೆ ಹೋಗಿ ಕೇಳಿ ಬಂದು, "ಬರಂಗಿಲ್ಲ ಅಂತಾನವಾ, ಏನ್ ಮಾಡೂದು" ಎಂದರು. ನಿನಗೆ ಮುಖ ತೋರಿಸಲು ಆಗುವುದಿಲ್ಲ ಎಂದು ನನಗೆ ತಿಳಿಯುತ್ತದೆ. ಕಾಗದಕ್ಕೆ ಮುಖ ತೋರಿಸುವ ಕಷ್ಟವಿಲ್ಲ. ಇದನ್ನಾದರೂ ಓದು.

ಅವ್ವನ ಕಣ್ಣು ಈಗ ಪೂರ್ತಿ ಹೋಗಿದೆ. ನೆನಪೂ ಹಾಗೆಯೇ, ಒಂದು ತಾಸು ಇದ್ದರೆ ಒಂದು ತಾಸು ಇಲ್ಲ. ನೀನು ಓಡಿಸುತ್ತಿದ್ದ ಬ್ಯಾಂಡಿನ ಟೆಂಪೋ ಹೊರಳಿದ್ದು, ಡ್ರಮ್ ಬಾರಿಸುವ ಕಲ್ಮೇಶ ಸತ್ತದ್ದು, ಕೋರ್ಟಿನಲ್ಲಿ ನೀನು "ನಿದ್ದಿ ಹತ್ತಿತ್ರಿ, ತಪ್ಪ ನಂದ" ಎಂದು ಒಪ್ಪಿಕೊಂಡದ್ದು, ಇದೆಲ್ಲವನ್ನೂ ಎಷ್ಟು ಸಲ ಹೇಳಿದರೂ ಮರುದಿನಕ್ಕೆ ಮರೆತಿರುತ್ತಾಳೆ. ಅವಳಿಗೆ ತಿಳಿಯುವುದು ಒಂದೇ: ಮನೆಯಲ್ಲಿ ಅಕಾರ್ಡಿಯನ್ ಕೇಳುತ್ತಿಲ್ಲ. "ರೇಣೂ, ವಿರೂಪಾಕ್ಷ ಪೇಟಿ ಯಾಕ ಬಾರ್ಸವಲ್ಲ? ಜಗಳಾಡಿರೇನು?" ಎಂದು ಮುಂಜಾನೆಯಿಂದ ಕೇಳತೊಡಗುತ್ತಾಳೆ. ಕೇಳಿ ಕೇಳಿ ನನಗೆ ಸಾಕಾಯಿತು. ನಾನೇ ಕಲಿಯುತ್ತೇನೆ ಎಂದು ಡಿಸೆಂಬರಿನಲ್ಲಿ ಪೆಟ್ಟಿಗೆ ತೆಗೆದೆ. ನೀನು ಸಿಟ್ಟಾಗಬೇಡ. ಅಪ್ಪ ಬಾರಿಸುತ್ತಿದ್ದದ್ದು, ಅವನ ನಂತರ ನೀನು ಬಾರಿಸಿದ್ದು. ಸುಮ್ಮನೆ ಬಿಟ್ಟರೆ ತಿದಿ ಬಿರುಕು ಬಿಡುತ್ತದೆ ಎಂದು ನೀನೇ ಹೇಳುತ್ತಿದ್ದೆ. ಚಿಕ್ಕಂದಿನಲ್ಲಿ ನೀನು ಹೇಳಿಕೊಟ್ಟಿದ್ದ ಎರಡು ಹಾಡು ಬೆರಳಿಗೆ ಇನ್ನೂ ನೆನಪಿದ್ದವು.

ಬೆರಳಿಗೆ ನೆನಪಿದ್ದರೇನು, ಕುಳಿತುಕೊಳ್ಳಲು ಬರಬೇಕಲ್ಲ! ನೀನು ಅದನ್ನು ಎದೆಗೆ ಕಟ್ಟಿಕೊಂಡು ಮೆರವಣಿಗೆಯಲ್ಲಿ ಎರಡು ಮೈಲಿ ನಡೆಯುತ್ತಿದ್ದೆ. ನಾನು ನಿಂತು ಬಾರಿಸಿದರೆ ಒಂದು ಹಾಡಿಗೇ ಸೊಂಟ ಹಿಡಿಯಿತು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ, ಅದರ ಕೈಗೆ ತಿದಿ ಬಡಿದು ಅರ್ಧಕ್ಕೇ ಗಾಳಿ ನಿಲ್ಲುತ್ತಿತ್ತು. ಹೊರಸಿನ ಮೇಲೆ ಕುಳಿತರೆ ನಡುವೆ ಕುಸಿದು, ಮೊಣಕಾಲು ಮೇಲೆ ಬಂದು, ಪೆಟ್ಟಿಗೆ ಗದ್ದಕ್ಕೆ ಹತ್ತಿತು. ಮಡಚುವ ಕಬ್ಬಿಣದ ಕುರ್ಚಿ ಹಿಂದಕ್ಕೆ ಜಾರಿಸುತ್ತಿತ್ತು. ಕೊನೆಗೆ ಜೋಳದ ಚೀಲದ ಮೇಲೂ ಕುಳಿತು ನೋಡಿದೆ, ನಗಬೇಡ. ದಿನವಿಡೀ ಅಂಗಡಿಯಲ್ಲಿ ಮಷಿನ್ ಮುಂದೆ ಬಗ್ಗಿ ಬ್ಲೌಸ್ ಹೊಲಿದ ಬೆನ್ನು ನನ್ನದು. ನೆಟ್ಟಗೆ ಕೂರುವುದೇ ಅದಕ್ಕೆ ಮರೆತುಹೋಗಿದೆ. ಒಂದು ವಾರಕ್ಕೆ ಹೆಗಲ ಮೇಲೆ ಬೆಲ್ಟಿನ ಕೆಂಪು ಬರೆ, ಎಡಗೈ ಮಣಿಕಟ್ಟಿನಲ್ಲಿ ಬಾವು.

ಆಗ ಬ್ಯಾಂಡಿನ ಬಸಲಿಂಗಪ್ಪ ಮಾಸ್ತರರು ಅವ್ವನನ್ನು ಮಾತಾಡಿಸಲು ಬಂದರು. ನಾನು ಕುಳಿತ ರೀತಿ ನೋಡಿ, "ಹೆಗಲ ಯಾಕ ಕಿವಿಗೆ ಹಚ್ಚಿಕೊಂಡಿ? ಅದನ್ನ ಹೊತ್ಕೊಂಡ ಕುಂದ್ರಬ್ಯಾಡವಾ, ತೊಡಿ ಮ್ಯಾಲೆ ಕುಂದ್ರಸು" ಎಂದರು. ಬೆಲ್ಟು ಎರಡು ತೂತು ಬಿಗಿ ಮಾಡಿದರು. ಬೆನ್ನು ಆನಿಸದೆ ಮುಂದಕ್ಕೆ ಸರಿದು ಕೂರಬೇಕು, ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ಭಾರವೆಲ್ಲ ಎಡ ತೊಡೆಗೆ ಬರಬೇಕು ಎಂದು ಚಿಕ್ಕ ಮಕ್ಕಳಿಗೆ ಹೇಳಿದಂತೆ ಹೇಳಿದರು. ಹೇಳಿದಂತೆ ಮಾಡಲು ನಮ್ಮ ಮನೆಯಲ್ಲಿ ಅಂಥ ಎತ್ತರದ ಪೀಠವೇ ಇರಲಿಲ್ಲ. ಅವರು ಸುತ್ತಲೂ ನೋಡಿ, "ಕಲ್ಮೇಶಂದು ಡ್ರಮ್ ಬಾರ್ಸೂ ಸ್ಟೂಲ್ ಇತ್ತಲ್ಲ, ತಿರುವಿದ್ರ ಮ್ಯಾಲೆ ಕೆಳಗ ಆಗೂದು, ಅದು ಇದಕ್ಕಂತನ ಮಾಡಿದಂಗಿತ್ತು" ಎಂದುಬಿಟ್ಟರು. ಅಂದ ಮೇಲೆ ಅವರಿಗೇ ಕೆಟ್ಟದೆನಿಸಿ ಚಹಾ ಕೂಡ ಕುಡಿಯದೆ ಎದ್ದು ಹೋದರು.

ಅಣ್ಣಾ, ನಾನು ಚಚಡಿಗೆ ಹೋದೆ. ಹೋಗಬಾರದಿತ್ತೋ ಏನೋ. ಕಲ್ಮೇಶ ಹೋದ ಮೇಲೆ ಅವನ ಹೆಂಡತಿ ಶೈಲಶ್ರೀ ಅಲ್ಲಿ ತವರಿನಲ್ಲಿದ್ದಾಳೆ. ಅವಳ ತಾಯಿ ಗುರುಬಸವ್ವ ನನ್ನನ್ನು ಕಂಡೊಡನೆ, "ಇನ್ನೇನ್ ಉಳದೈತಂತ ಬಂದೀವಾ?" ಎಂದು ಬಾಗಿಲಿಗೆ ಅಡ್ಡ ನಿಂತಳು. ಸ್ಟೂಲು ಅಂಗಳದಲ್ಲೇ ಇತ್ತು, ಅದರ ಮೇಲೆ ನೀರಿನ ಬಕೀಟು. ಬಾಯಿ ಬಿಟ್ಟು ಕೇಳಲು ನನಗೆ ಎಷ್ಟು ಹೊತ್ತು ಹಿಡಿಯಿತೆಂದರೆ, ಶೈಲಶ್ರೀಯೇ ಒಳಗಿನಿಂದ ಬಂದು, "ಏನ್ ಬೇಕ ಹೇಳ ರೇಣು" ಎಂದಳು. ಹೇಳಿದೆ. ಅವ್ವನ ವಿಷಯವನ್ನೂ ಹೇಳಿದೆ. ಅವಳು ಬಕೀಟು ಇಳಿಸಿ, ಸೆರಗಿನಿಂದ ಸ್ಟೂಲು ಒರೆಸಿ, ನನ್ನ ಮುಂದೆ ಇಟ್ಟಳು. "ಒಯ್ಯಿ. ಆದ್ರ ನಿಮ್ಮಣ್ಣಗ ಮಾಫ್ ಮಾಡೇನಿ ಅಂತ ತಿಳ್ಕೋಬ್ಯಾಡ. ನಿಮ್ಮವ್ವನ ಸಲುವಾಗಿ ಕೊಡಾಕತ್ತೇನಿ" ಎಂದಳು. ಅವಳು ಅಳಲಿಲ್ಲ. ನಾನೇ ಬಸ್ಸಿನಲ್ಲಿ ಸ್ಟೂಲನ್ನು ಮಡಿಲಲ್ಲಿಟ್ಟುಕೊಂಡು ಬೈಲಹೊಂಗಲದ ತನಕ ಅಳುತ್ತ ಬಂದೆ.

ಕಲ್ಮೇಶ ಎತ್ತರದ ಆಳು. ಸ್ಟೂಲು ಅವನ ಅಳತೆಗೇ ನಿಂತಿತ್ತು. ನಾನು ಕುಳಿತರೆ ಕಾಲು ನೇತಾಡುತ್ತಿತ್ತು. ಅದನ್ನು ತಿರುವಿ ಇಳಿಸಬೇಕು. ಎರಡು ದಿನ ಕೈ ಬರಲಿಲ್ಲ. ಮೂರನೆಯ ದಿನ ಕಣ್ಣು ಮುಚ್ಚಿ ಆರು ಸುತ್ತು ತಿರುವಿದೆ. ಕುಳಿತೆ. ಪಾದ ಊರಿತು, ತೊಡೆ ಸಮವಾಯಿತು, ಪೆಟ್ಟಿಗೆಯ ಭಾರ ಹೆಗಲಿನಿಂದ ಇಳಿದು ತೊಡೆಗೆ ಬಂತು. ಇಷ್ಟು ದಿನ ಹೆಣಗಿದ್ದು ಇಷ್ಟಕ್ಕೇನಾ ಅನ್ನಿಸಿತು. ತಿದಿ ಪೂರ್ತಿ ತೆರೆಯಿತು. ನಿನ್ನ ಕೈಯಲ್ಲಿ ಹೇಗೆ ಬರುತ್ತಿತ್ತೋ ಹಾಗೇ ತುಂಬಿದ ದನಿ ಬಂತು, ಅಣ್ಣಾ. ಒಂದು ಗಳಿಗೆ ನನಗೆ ಬಹಳ ಖುಷಿಯಾಯಿತು. ಆ ಖುಷಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವ್ವ ಅಡುಗೆಮನೆಯಿಂದ ಗೋಡೆ ಹಿಡಿದುಕೊಂಡು ಬಂದಳು. "ವಿರೂಪಾಕ್ಷಾ, ಯಾವಾಗ ಬಂದ್ಯೋ? ಒಂದ ಮಾತ ಹೇಳಬಾರದಾ?" ಎಂದು ನಗುತ್ತ ಕೈ ಚಾಚಿದಳು. ಪೆಟ್ಟಿಗೆ ಸವರಿದಳು, ಬೆಲ್ಟು ಸವರಿದಳು, ನನ್ನ ತೋಳು ಸವರಿ ಕೆಳಗಿಳಿದ ಕೈಗೆ ಬಳೆ ಸಿಕ್ಕಿತು. ಕೈ ಹಿಂದಕ್ಕೆ ತೆಗೆದುಕೊಂಡಳು. ಅಂದು ಅವಳು ಊಟ ಮಾಡಲಿಲ್ಲ. ಮರುದಿನ ಎಲ್ಲ ಮರೆತು ಮತ್ತೆ ಪೇಟಿ ಕೇಳಿದಳು, ನಾನು ಬಾರಿಸಿದೆ, ಮತ್ತೆ ಅದೇ ನಗು, ಮತ್ತೆ ಬಳೆ. ಬಳೆ ತೆಗೆದಿಟ್ಟೆ. ಆಗ ನೀನೇ ಎಂದು ನಂಬಿ, ತಾಟಿನಲ್ಲಿ ರೊಟ್ಟಿ ಇಟ್ಟುಕೊಂಡು ಕಾದು ಕುಳಿತಳು. "ಬಂದಾನಂದ್ರ ಉಣ್ಣಾಕ ಯಾಕ ಬರವಲ್ಲ? ಯಾಕ ಮಾತಾಡವಲ್ಲ?" ಎಂದು ಸಂಜೆಯ ತನಕ ಕೇಳಿದಳು. ನಾನು ಕೆಟ್ಟದಾಗಿ ಬಾರಿಸುತ್ತಿದ್ದಾಗ ಅವಳಿಗೆ ಇಷ್ಟು ಕಷ್ಟ ಇರಲಿಲ್ಲ. ಹೋದ ಗುರುವಾರ ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಏರಿಸಿದೆ.

ಮದುವೆ ಹಂಗಾಮಿಗಾದರೂ ಬ್ಯಾಂಡಿನಲ್ಲಿ ನಿನ್ನ ಜಾಗದಲ್ಲಿ ಕೂರುತ್ತೇನೆ ಎಂದು ಮಾಸ್ತರರನ್ನು ಕೇಳಿದ್ದೆ. ಕಿತ್ತೂರಿನ ಎರಡು ಮದುವೆಯವರು ಅಕಾರ್ಡಿಯನ್ ಬೇಡವೇ ಬೇಡ ಅಂದರಂತೆ. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ಆ ದನಿಯೂ ಬರುತ್ತದಂತೆ. "ನಿನ್ನ ಕೈ ಚಲೋ ಐತಿ, ನಮ್ಮ ಕಾಲನ ಮುಗೀತವಾ" ಎಂದರು ಮಾಸ್ತರರು. ನೀನು ಬಂದ ಮೇಲೂ ಅಲ್ಲಿ ಜಾಗ ಇರುತ್ತದೆ ಎಂದು ನಂಬಿಕೊಂಡಿರಬೇಡ. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಬರೆಯುವುದು ಮೇಲು ಎಂದು ಬರೆದೆ. ಸ್ಟೂಲು ಗೋಡೆಯ ಪಕ್ಕದಲ್ಲಿದೆ. ನಾನು ಅದರ ಮೇಲೆ ಕೂರುವುದಿಲ್ಲ. ಬಕೀಟನ್ನೂ ಇಡುವುದಿಲ್ಲ.

ಅವ್ವ ನಿನಗೆ ಆಶೀರ್ವಾದ ಹೇಳಿದ್ದಾಳೆ ಎಂದು ಬರೆಯಬೇಕು. ಅವಳ ಪ್ರಕಾರ ನೀನು ಇಲ್ಲೇ ಹೊರಗೆ ಎಲ್ಲೋ ಇದ್ದೀಯ, ಉಣ್ಣಲು ತಡ ಮಾಡುತ್ತಿದ್ದೀಯ, ಅಷ್ಟೇ. ಅವಳ ಪರವಾಗಿ ನಾನೇ ನಿನ್ನ ತಲೆಯ ಮೇಲೆ ಕೈ ಇಟ್ಟೆ ಎಂದು ತಿಳಿ.

ನಿನ್ನ ತಂಗಿ,
ರೇಣು

ತಾ.ಕ.: ಕಾಗದ ಮುಗಿಸಿ ಅಂಟು ಹಚ್ಚುವಾಗ ಶೈಲಶ್ರೀ ಬಂದಳು. ಸ್ಟೂಲಿಗಾಗಿ ಅಲ್ಲ. ಜೈಲಿನಲ್ಲಿ ನಿನ್ನ ಭೇಟಿಗೆ ಬಿಡುವ ಮುಲಾಖತ್ ಯಾವ ದಿನ ಎಂದು ಕೇಳಿದಳು. ಶನಿವಾರ ನನ್ನ ಜೊತೆ ಬರುತ್ತಾಳೆ. ಸಾಲಹಳ್ಳಿಯ ತಿರುವಿನಲ್ಲಿ ಟೆಂಪೋ ಹೊರಳಿದ ಮೇಲೆ, ಆಂಬುಲೆನ್ಸ್ ಬರುವ ತನಕ ಕಲ್ಮೇಶ ಏನಾದರೂ ಮಾತಾಡಿದನೇ ಎಂದು ಅವಳಿಗೆ ನಿನ್ನಿಂದ ಕೇಳಬೇಕಾಗಿದೆ. ಅವನ ಪಕ್ಕದಲ್ಲಿದ್ದವನು ನೀನೊಬ್ಬನೇ. ನನ್ನ ಸಲುವಾಗಿ ಬರಬೇಡ, ನಾನು ಬೇಕಾದರೆ ಹೊರಗೆ ನಿಲ್ಲುತ್ತೇನೆ. ಅವಳು ಬೈದರೂ ಬೈಯಲಿ, ನೀನು ಬಾ. ಕಲ್ಮೇಶ ಏನೂ ಹೇಳಿರದಿದ್ದರೆ ಏನೂ ಹೇಳಲಿಲ್ಲ ಎಂದೇ ಹೇಳು. ಅವಳಿಗೆ ಸಮಾಧಾನವಾಗಲಿ ಎಂದು ಏನನ್ನೂ ಸೇರಿಸಬೇಡ.