ಜಿರಳೆಮ್ಮನ ಸಹಿ

ನವೆಂಬರ್ ೧೯, ಬುಧವಾರ
ಅಂಗಡಿಯ ಹಿಂದಿನ ಕೋಣೆಯಿಂದ

ತಮ್ಮನಿಗೆ,

‘ಪ್ರೀತಿಯ’ ಎಂದು ಮೊದಲು ಬರೆದಿದ್ದೆ. ಆ ಹಾಳೆ ಹರಿದುಹಾಕಿ ಇನ್ನೊಂದು ತೆಗೆದುಕೊಂಡೆ. ನಾನು ಕ್ಷೇಮ. ನೀನೂ ಕ್ಷೇಮವಾಗಿಯೇ ಇರಬೇಕು, ಇಲ್ಲದಿದ್ದರೆ ಅಷ್ಟುದ್ದದ ಪತ್ರಗಳನ್ನು ಬರೆಯುವ ತ್ರಾಣ ಎಲ್ಲಿಂದ ಬಂದೀತು? ಉತ್ತರ ಬರೆಯುವುದು ತಡವಾಯಿತು. ಕೆಲಸದ ಗಡಿಬಿಡಿ ಎಂದು ನೆಪ ಹೇಳಬಹುದಿತ್ತು. ನಿಜ ಹೇಳುತ್ತೇನೆ: ಲಕೋಟೆಯ ಮೇಲೆ ನಿನ್ನ ಅಕ್ಷರ ಕಂಡರೇ ಮೈ ಉರಿಯುತ್ತಿತ್ತು, ಒಡೆಯಲು ಮನಸ್ಸಾಗಲಿಲ್ಲ.

ನಿನ್ನೆ ಎಲ್ಲವನ್ನೂ ಒಟ್ಟಿಗೆ ಓದಿದೆ. ಎಲ್ಲದರಲ್ಲೂ ಒಂದೇ ರಾಗ. ‘ಒಂದು ಸಣ್ಣ ಕೈತಪ್ಪನ್ನು ಅಕ್ಕ ಬೀದಿಗೆ ತಂದಳು.’ ಕೈತಪ್ಪಂತೆ! ಕೈತಪ್ಪಿದರೆ ಲೋಟ ಬೀಳುತ್ತದೆ ಕಣೋ, ಇನ್ನೊಬ್ಬರ ಸಹಿ ಬೀಳುವುದಿಲ್ಲ.

ಮೊನ್ನೆ ನಿನ್ನ ಹೆಂಡತಿ ಫೋನ್ ಮಾಡಿದ್ದಳು. “ಅಷ್ಟಕ್ಕೂ ಏನಾಯ್ತು ಅಕ್ಕಾ? ಕೇಳಿದ್ರೆ ಇವರು ಎದ್ದು ಹೊರಗೆ ಹೋಗ್ತಾರೆ” ಎಂದಳು. ನನಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಈ ಪತ್ರವನ್ನು ಅವಳಿಗೂ ಓದಲು ಕೊಡು. ನಿನಗೆ ಗೊತ್ತಿರುವುದನ್ನೂ ಬಿಡಿಸಿ ಬರೆಯುತ್ತಿರುವುದು ಅದಕ್ಕೇ. ಕೊಡುವುದಿಲ್ಲ ಎಂದೂ ಗೊತ್ತು. ಅವಳ ಹೆಸರಿಗೆ ಇನ್ನೊಂದು ಪ್ರತಿ ಬೇರೆ ಲಕೋಟೆಯಲ್ಲಿ ಹೊರಟಿದೆ.

ಅಪ್ಪನ ಕಾಲದಿಂದ ನಮ್ಮದು ಶಾಲೆಯ ಗೋಡೆಗೆ ನೇತುಹಾಕುವ ಪಟಗಳ ಅಂಗಡಿ. ಹೃದಯದ ಕೋಣೆಗಳು, ಹೂವಿನ ಭಾಗಗಳು, ಕಪ್ಪೆಯ ಹೊಟ್ಟೆ. ಚಿತ್ರ ಬರೆಸುವುದು, ಅಚ್ಚು ಹಾಕಿಸುವುದು ನನ್ನ ಪಾಲಿನದು. ಲೆಕ್ಕ, ತೆರಿಗೆ ನಿನ್ನ ಪಾಲಿನದು. ಹಳೆಯ ಚಿತ್ರಕಾರರು ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಹೊರದೇಶದ ಒಬ್ಬಾಕೆ ಸಿಕ್ಕಳು. ಸಂಬಳದವಳಲ್ಲ, ಪಟಕ್ಕಿಷ್ಟು ಎಂದು ಮಾತಾಡಿಕೊಂಡು ತನ್ನ ಮನೆಯಲ್ಲೇ ಕೂತು ಬರೆದು ಕಳಿಸುವವಳು. ಅವಳು ಮೊದಲು ಕಳಿಸಿದ್ದು ಜಿರಳೆ. ಆ ಮೀಸೆಯೇನು, ಆ ಕಾಲಿನ ಮುಳ್ಳುಗಳೇನು! ಮೇಜಿನ ಮೇಲೆ ಅದನ್ನು ಕಂಡು ಅಮ್ಮ ಚಪ್ಪಲಿ ಕೈಗೆತ್ತಿಕೊಂಡಿದ್ದಳು. ಅವತ್ತಿನಿಂದ ಆಕೆ ನಮಗೆ ಜಿರಳೆಮ್ಮ. ಈ ಅಡ್ಡಹೆಸರು ಇಟ್ಟವನು ನೀನೇ. ಆಗ ನಿನ್ನ ಮಾತಿಗೆ ನಗು ಬರುತ್ತಿತ್ತು.

ಇಂಥವರಿಗೆ ದುಡ್ಡು ಕಳಿಸಬೇಕಾದರೆ ಒಂದು ಘೋಷಣೆ ಬೇಕು. ‘ನಾನು ಇಂಥ ದೇಶದಲ್ಲಿ ವಾಸವಾಗಿದ್ದೇನೆ, ಅಲ್ಲೇ ಕೂತು ಕೆಲಸ ಮಾಡುತ್ತೇನೆ, ತೆರಿಗೆ ಅಲ್ಲೇ ಕಟ್ಟುತ್ತೇನೆ’ ಎಂದು ಅವರೇ ತುಂಬಿ, ಅವರೇ ಸಹಿ ಮಾಡಬೇಕು. ಜೊತೆಗೆ ಅಲ್ಲಿನ ತೆರಿಗೆ ಕಚೇರಿ ಕೊಡುವ ವಾಸದ ಪ್ರಮಾಣಪತ್ರ. ಎರಡೂ ಇದ್ದರೆ ನಾವು ಪೂರ್ತಿ ಹಣ ಕಳಿಸಬಹುದು. ಇಲ್ಲದಿದ್ದರೆ ಅದರಲ್ಲಿ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ದೇಶ ಬದಲಾದರೆ ಎಲ್ಲ ಹೊಸದಾಗಿ ಆಗಬೇಕು. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ನೀನು. ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದೆ!

ಜಿರಳೆಮ್ಮ ಗಂಡನನ್ನು ಬಿಟ್ಟು, ಮಗಳನ್ನು ಕರೆದುಕೊಂಡು ಪಕ್ಕದ ದೇಶ ಸೇರಿದಳು. ಪೆಟ್ಟಿಗೆ ಬಿಚ್ಚುವ ಮೊದಲೇ ನಿನಗೆ ಬರೆದಳು: ‘ವಿಳಾಸ ಬದಲಾಗಿದೆ. ಹೊಸ ಫಾರಂ ಕಳಿಸಿ, ತುಂಬಿ ಕೊಡುತ್ತೇನೆ. ಇಲ್ಲಿನ ಪ್ರಮಾಣಪತ್ರ ಬರುವುದು ತಡವಾಗುತ್ತದೆ. ಅಲ್ಲಿಯವರೆಗೆ ನನ್ನ ಹಣದಲ್ಲಿ ತೆರಿಗೆ ಹಿಡಿದುಕೊಳ್ಳಿ, ಪರವಾಗಿಲ್ಲ.’ ಇದಕ್ಕಿಂತ ಸರಿಯಾಗಿ ಇನ್ನಾರು ಹೇಳಿಯಾರು? ನೀನು ಮಾಡಿದ್ದೇನು? ತೆರಿಗೆ ಹಿಡಿದರೆ ಅದಕ್ಕೊಂದು ಚಲನ್, ಅದಕ್ಕೊಂದು ವರದಿ, ಯಾರಿಗೆ ಬೇಕು ತಲೆನೋವು ಎಂದು ಹಳೆಯ ಘೋಷಣೆಯನ್ನೇ ತೆಗೆದು, ಹಳೆಯ ವಿಳಾಸದ ಕೆಳಗೆ ಹೊಸ ತಾರೀಕು ಹಾಕಿ, ಆಕೆಯ ಸಹಿಯನ್ನು ನೀನೇ ಗೀಚಿ, ಹಳೆಯ ಪ್ರಮಾಣಪತ್ರದ ಜೊತೆ ನಮ್ಮ ತೆರಿಗೆ ಕಚೇರಿಗೆ ಕಳಿಸಿದೆ. ಮರುವರ್ಷವೂ ಗೀಚಿದೆ. ಕೈ ಪಳಗಿತ್ತೇನೋ.

ಆಕೆ ಅಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕಿದ್ದಳು. ಬಿಡದೆ ಅಲ್ಲೇ ಇದ್ದು ದುಡಿದಿದ್ದೇನೆ ಎಂದು ತೋರಿಸಿದರೆ ಮಾತ್ರ ಸಿಗುವಂಥದ್ದು. ಈಗ ಒಂದು ದೇಶದ ತೆರಿಗೆ ಕಚೇರಿ ಇನ್ನೊಂದಕ್ಕೆ ವಿಷಯ ತಿಳಿಸುತ್ತದೆ ಎನ್ನುವುದು ನಿನಗೆ ಗೊತ್ತಿರಲಿಲ್ಲ ಎಂದರೆ ನಾನು ನಂಬುವುದಿಲ್ಲ. ಅಲ್ಲಿನ ಅಧಿಕಾರಿ ನೀನು ಕಳಿಸಿದ್ದನ್ನು ಆಕೆಯ ಮುಂದಿಟ್ಟು, “ಇಲ್ಲಿ ವಾಸ ಅಂತೀರಿ. ಅಲ್ಲಿ ವಾಸ ಅಂತ ನಿಮ್ಮದೇ ಸಹಿ ಇದೆ. ಎರಡರಲ್ಲಿ ಯಾವುದು ಸುಳ್ಳು?” ಎಂದನಂತೆ. ಅರ್ಜಿ ತಿರಸ್ಕಾರವಾಯಿತು. ತಾಯಿ ಮಗಳು ದೇಶ ಬಿಡಬೇಕು. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಆ ಗಂಡನ ಊರಿಗೇ.

ಆಕೆ ಫೋನ್ ಮಾಡಿದಾಗ ನಾನು ಅಚ್ಚಿನ ಮನೆಯಲ್ಲಿ ಶ್ವಾಸಕೋಶದ ಬಣ್ಣ ಸರಿಬಂದಿದೆಯೇ ಎಂದು ನೋಡುತ್ತಿದ್ದೆ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಆಕೆ ಮೆಲ್ಲಗೆ ಕೇಳಿದಳು.

“ವಿಳಾಸ ಬದಲಾಗಿದೆ ಅಂತ ಬರೆದಿದ್ದೆ. ನಿಮಗೆ ಸಿಗಲಿಲ್ವಾ?”

“ಸಿಕ್ಕಿರುತ್ತೆ. ಅದನ್ನೆಲ್ಲ ನನ್ನ ತಮ್ಮ ನೋಡ್ಕೊಳ್ತಾನೆ.”

“ಹಾಗಾದ್ರೆ ಆ ಸಹಿ ಯಾರದು? ಅದರಲ್ಲಿ ನನ್ನ ಹೆಸರೇ ತಪ್ಪಾಗಿದೆ.”

ಯಂತ್ರದ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡು ಆಕೆ ಮತ್ತೊಮ್ಮೆ ಹೇಳಿದಳು. ಕೇಳಿಸಿತ್ತು. ತಿಳಿದುಕೊಂಡು ಹೇಳ್ತೀನಿ ಎಂದು ಫೋನ್ ಇಟ್ಟು, ಅಚ್ಚು ನಿಲ್ಲಿಸಿ ಹೊರಟೆ.

ಅಂಗಡಿಗೆ ಬಂದು ನಿನ್ನನ್ನು ಕೇಳಿದೆ. ನೀನು ಕುರ್ಚಿಯಿಂದ ಏಳಲೂ ಇಲ್ಲ.

“ಅಯ್ಯೋ ಅಕ್ಕಾ, ಎಲ್ರೂ ಹೀಗೇ ಮಾಡ್ತಾರೆ. ಅವಳಿಗೆ ದುಡ್ಡು ಪೂರ್ತಿ ಹೋಯ್ತಲ್ಲ, ಇನ್ನೇನಂತೆ?”

“ಮಗೂನ ಕಟ್ಕೊಂಡು ದೇಶ ಬಿಡ್ಬೇಕು ಅವಳು. ಸಹಿ ನಂದು ಅಂತ ಒಂದು ಪತ್ರ ಬರೆದುಕೊಡು.”

“ನನ್ನ ತಲೆ ಕೆಟ್ಟಿದೆಯಾ? ಜೈಲಿಗೆ ಹೋಗ್ಲಾ? ಚಿತ್ರ ಬರೆಯೋರು ಬೇರೆ ಸಿಕ್ತಾರೆ, ಬಿಡು.”

ಬಿಡು! ನಿನ್ನ ಬಾಯಿಗೆ ಆ ಮಾತು ಎಷ್ಟು ಸಲೀಸಾಗಿ ಬಂತು ನೋಡು. ನಾನು ತೆರಿಗೆ ಕಚೇರಿಗೆ ಹೋಗುತ್ತೇನೆ ಎಂದಾಗ ಮಾತ್ರ ಮುಖದ ಬಣ್ಣ ಇಳಿಯಿತು. ಮರುದಿನ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಾವನ ಮನೆಗೆ ಓಡಿದೆ. ಅಂಗಡಿಯ ಬೀಗದ ಕೈಯನ್ನು ಪಕ್ಕದ ದರ್ಜಿಯ ಹತ್ತಿರ ಕೊಟ್ಟು ಹೋಗಿದ್ದೆ. ನನ್ನ ಮುಖ ನೋಡುವಷ್ಟೂ ಧೈರ್ಯವಿರಲಿಲ್ಲ.

ಕಚೇರಿಯಲ್ಲಿ ನಾನು ಕಂಡದ್ದು ನನ್ನ ವಯಸ್ಸಿನ ಒಬ್ಬ ಅಧಿಕಾರಿಣಿಯನ್ನು. ಪೆನ್ನಿನ ಟೊಪ್ಪಿ ಕಚ್ಚುತ್ತಾ ಎಲ್ಲ ಕೇಳಿಸಿಕೊಂಡರು.

“ಯೋಚ್ನೆ ಮಾಡಿ ಹೇಳ್ತಿದೀರಾ? ಇದು ನಿಮ್ಮ ಅಂಗಡಿ ಮೇಲೂ ಬರುತ್ತೆ.”

“ಬರ್ಲಿ.”

“ಸಹಿ ಮಾಡಿದ್ದು ಯಾರು?”

“ನನ್ನ ತಮ್ಮ.”

“ಒಡಹುಟ್ಟಿದವರಾ?”

“ಹೌದು, ನನ್ನ ಹಣೆಬರಹ.”

ಆಕೆ ನಗಲಿಲ್ಲ. ತಮ್ಮ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿ, ಬರೆದುಕೊಳ್ಳತೊಡಗಿದರು. ನಾನು ಕೊಟ್ಟ ಹೇಳಿಕೆಯ ಪ್ರತಿಗೆ ಮೊಹರು ಒತ್ತಿಸಿ ಜಿರಳೆಮ್ಮನ ವಕೀಲರಿಗೆ ಕಳಿಸಿದೆ.

ಹೋದ ತಿಂಗಳು ಆಕೆಯ ಮೇಲ್ಮನವಿ ಗೆದ್ದಿತು. ತಾಯಿ ಮಗಳು ಅಲ್ಲೇ ಇರಬಹುದು. ಸುದ್ದಿ ಕೇಳಿ ಅಂಗಡಿಯಲ್ಲಿ ಒಬ್ಬಳೇ ಜೋರಾಗಿ ನಕ್ಕೆ. ದರ್ಜಿ ಬಂದು ಇಣುಕಿ ನೋಡಿ ಹೋದ. ಹೊಸ ಚಿತ್ರ ಬರೆದುಕೊಡುತ್ತೀರಾ ಎಂದು ಕೇಳಿದ್ದಕ್ಕೆ ಆಕೆ ಬರೆದ ಉತ್ತರ ಇಷ್ಟೇ: ‘ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ನನ್ನ ಹೆಸರು ಇನ್ನು ಮುಂದೆ ನಿಮ್ಮ ಅಂಗಡಿಯಲ್ಲಿ ಬೇಡ.’ ನನಗೆ ಚುರುಕ್ಕೆಂದಿತು. ಆದರೂ ಆಕೆ ಹೇಳಿದ್ದು ಸರಿ. ನಾನಾಗಿದ್ದರೂ ಅದನ್ನೇ ಬರೆಯುತ್ತಿದ್ದೆ, ಇಷ್ಟು ಮರ್ಯಾದೆಯಿಂದ ಬರೆಯುತ್ತಿರಲಿಲ್ಲ.

ನಮಗೆ ದಂಡ ಬಿತ್ತು. ಮುಂದಿನ ಮಳಿಗೆ ಬಿಟ್ಟುಕೊಟ್ಟೆ. ಈಗ ಅಲ್ಲಿ ಒಬ್ಬರು ಕನ್ನಡಕ ಮಾರುತ್ತಾರೆ, ಗಿರಾಕಿಗಳು ಅವರ ಮಳಿಗೆ ದಾಟಿಯೇ ನನ್ನಲ್ಲಿಗೆ ಬರಬೇಕು. ದೊಡ್ಡ ಶಾಲೆಗಳು ಕೈಬಿಟ್ಟಿವೆ, ಸಣ್ಣವು ಉಳಿದಿವೆ. ಪಾಲುದಾರಿಕೆಯಿಂದ ನಿನ್ನ ಹೆಸರು ತೆಗೆಸಿದ್ದೇನೆ. ನಿನ್ನ ಮೇಲಿನ ಕೇಸು ನಿನ್ನದು. ‘ಗುಮಾಸ್ತ ಮಾಡಿದ ತಪ್ಪು ಅಂತ ಹೇಳು ಅಕ್ಕಾ’ ಎಂದು ಬೇಡಿಕೊಂಡಿದ್ದೀಯ. ನಮ್ಮಲ್ಲಿ ಗುಮಾಸ್ತ ಯಾವಾಗ ಇದ್ದ? ಇಲ್ಲದ ಮನುಷ್ಯನ ತಲೆಗೂ ಕಟ್ಟಲು ಹೊರಟೆಯಲ್ಲ, ನಾಚಿಕೆಯಾಗಬೇಕು. ವಕೀಲರನ್ನು ನೀನೇ ಹುಡುಕಿಕೋ. ಈ ಕಡೆ ಬರಬೇಡ. ಬಂದರೆ ಬಾಗಿಲು ತೆಗೆಯುವುದಿಲ್ಲ. ಸುಮ್ಮನೆ ಬೆದರಿಸುವವಳು ನಾನಲ್ಲ ಎನ್ನುವುದು ಇಷ್ಟರಲ್ಲಿ ನಿನಗೆ ತಿಳಿದಿರಬೇಕು.

ಮಕ್ಕಳಿಗೆ ನನ್ನ ಮುತ್ತು. ನಿನ್ನ ಹೆಂಡತಿಗೆ ಮನಸಾರೆ ಆಶೀರ್ವಾದ, ಅವಳಿಗೆ ಅದರ ಅಗತ್ಯವಿದೆ. ನಿನಗೂ ಒಳ್ಳೆಯದಾಗಲಿ. ಅಕ್ಕನಾಗಿ ಹುಟ್ಟಿದ ಮೇಲೆ ಅಷ್ಟನ್ನು ಹೇಳದೆ ಪತ್ರ ಮುಗಿಸಲು ನನಗೆ ಬರುವುದಿಲ್ಲ. ಇದಕ್ಕೆ ಬೇರೆ ಅರ್ಥ ಹಚ್ಚಬೇಡ.

ಇಂತಿ,
ಅಕ್ಕ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ. ನಾನು ಕಚೇರಿಗೆ ಹೋಗುವ ಹಿಂದಿನ ಸಂಜೆ ಅಮ್ಮನ ಕಾಲಿನ ಹುಣ್ಣು ತೊಳೆದು ಬಟ್ಟೆ ಕಟ್ಟುತ್ತಿದ್ದೆ. ಅವಳು ಹೇಳಿದಳು, “ನಾಳೆ ಹೋಗ್ತೀಯಲ್ಲ, ಸಹಿ ಹಾಕಿದ್ದು ನೀನೇ ಅಂತ ಒಪ್ಕೊಂಡ್ಬಿಡು. ಅವನಿಗೆ ಹೆಂಡ್ತಿ ಮಕ್ಕಳಿದಾರೆ. ನಿನ್ನನ್ನ ನಂಬ್ಕೊಂಡು ಯಾರಿದಾರೆ?” ಅವಳ ಕಾಲು ನನ್ನ ತೊಡೆಯ ಮೇಲಿತ್ತು. “ಇದು ನಿನ್ನ ಮಾತಾ ಅಮ್ಮಾ, ಅವನದಾ?” ಎಂದು ಕೇಳಿದೆ. “ಅವನೇ ಫೋನ್ ಮಾಡಿ ಹೇಳ್ದ. ನಂಗೂ ಸರಿ ಅನ್ನಿಸ್ತು” ಎಂದಳು. ನಾನು ಗಂಟು ಹಾಕಿ ಎದ್ದೆ. ಅಮ್ಮ ಈಗಲೂ ನನ್ನ ಜೊತೆಯಲ್ಲೇ ಇದ್ದಾಳೆ. ಅವತ್ತಿನಿಂದ ನನ್ನೊಡನೆ ಮಾತಿಲ್ಲ. ಸಂಜೆಯಾದರೆ ಮುಖ ಆಚೆ ತಿರುಗಿಸಿಕೊಂಡು ಕಾಲು ಚಾಚುತ್ತಾಳೆ. ನಾನು ಬಟ್ಟೆ ಕಟ್ಟುತ್ತೇನೆ.