ಕ್ರಿಸ್ಮಸ್ ಊಟಕ್ಕೆ ಬಂದ ಓಟ್ಮಾರ್

ಹಲ್, ಯಾರ್ಕ್‌ಷೈರ್
6 ಮಾರ್ಚ್ 1988, ಭಾನುವಾರ

ಪ್ರೀತಿಯ ತಮ್ಮ ಡೆಸ್ಮಂಡ್,

ನಿನ್ನ ಮಂಡಿನೋವು ಹೇಗಿದೆ? ಆಸ್ಟ್ರೇಲಿಯಾದ ಪರ್ತ್‌ನ ಬಿಸಿಲಿಗೆ ಅದು ವಾಸಿಯಾಗುತ್ತದೆ ಎಂದು ಹೇಳಿಕೊಂಡೇ ನೀನು ಅಷ್ಟು ದೂರ ಹೋದದ್ದು, ಈಗ ನಿನ್ನ ಹೆಂಡತಿ ಬೆರಿಲ್ ನೋಡಿದರೆ ನೀನು ಮೆಟ್ಟಿಲು ಹತ್ತುವಾಗ ಮುದುಕನ ಹಾಗೆ ಮುಲುಕುತ್ತೀಯ ಎನ್ನುತ್ತಾಳೆ. ಬಿಸಿನೀರಿಗೆ ಉಪ್ಪು ಹಾಕಿ ಕಾವು ಕೊಡು, ಅಮ್ಮ ಅಪ್ಪನಿಗೆ ಮಾಡುತ್ತಿದ್ದ ಹಾಗೆ. ನಾನು ಚೆನ್ನಾಗಿದ್ದೇನೆ. ಕೆಮ್ಮು ಇದೆ, ಆದರೆ ಈ ಊರಲ್ಲಿ ಮಾರ್ಚ್ ತಿಂಗಳಲ್ಲಿ ಕೆಮ್ಮದವರು ಯಾರಿದ್ದಾರೆ ಹೇಳು.

ಕಳೆದ ವಾರ ನಮ್ಮ ಹಳೆಯ ಬೀದಿಯ ಕಡೆ ಹೋಗಿದ್ದೆ. ಬೀದಿಯೇ ಇಲ್ಲ ಕಣೋ. ನಮ್ಮ ಮನೆ ಇದ್ದ ಜಾಗದಲ್ಲಿ ಕಾರುಗಳು ನಿಂತಿವೆ. ಹಿತ್ತಲಿನ ಕಕ್ಕಸು, ಗೋಡೆಗೆ ನೇತುಹಾಕಿದ್ದ ತಗಡಿನ ಸ್ನಾನದ ತೊಟ್ಟಿ, ಶುಕ್ರವಾರ ಸಂಜೆ ಒಲೆಯ ಮುಂದೆ ಒಂದೇ ನೀರಿನಲ್ಲಿ ಮೊದಲು ನಾನು, ಆಮೇಲೆ ನೀನು ಮಿಂದದ್ದು, ನೀನು ‘ಈ ನೀರಲ್ಲಿ ಮುರಿಯಲ್‌ಳ ಕೊಳೆ ಇದೆ’ ಎಂದು ಊರಿಗೆಲ್ಲ ಕೇಳುವಂತೆ ಅತ್ತದ್ದು, ಎಲ್ಲ ಅಲ್ಲೇ ನಿಂತು ನೆನೆದೆ. ಬಾಂಬು ಬಿದ್ದು ಕುಸಿದ ಮನೆಗಳೇ ನಮ್ಮ ಆಟದ ಬಯಲು. ಅರ್ಧ ಗೋಡೆಯಲ್ಲಿ ಯಾರದೋ ಮನೆಯ ಹೂವಿನ ಕಾಗದ ಇನ್ನೂ ಅಂಟಿಕೊಂಡಿರುತ್ತಿತ್ತು. ಅಂಥದೇ ಒಂದು ಮನೆಯಲ್ಲಿ ಹಿಲ್ಡಾ ಅತ್ತೆ ಸತ್ತದ್ದು ನಿನಗೆ ನೆನಪಿರಲಾರದು, ನೀನಾಗ ತೊಟ್ಟಿಲ ಕೂಸು. ಅಜ್ಜಿಗಿದ್ದ ಒಬ್ಬಳೇ ಮಗಳು. ಆಮೇಲೆ ಅಜ್ಜಿ ಜರ್ಮನ್ ಎಂಬ ಶಬ್ದವನ್ನೇ ಬಾಯಲ್ಲಿ ಹೇಳುತ್ತಿರಲಿಲ್ಲ, ‘ಅವರು’ ಅನ್ನುತ್ತಿದ್ದಳು.

ಯುದ್ಧ ಮುಗಿದ ಮರುವರ್ಷದ ಕ್ರಿಸ್ಮಸ್ ನಿನಗೆ ಎಷ್ಟು ನೆನಪಿದೆಯೋ ಕಾಣೆ, ನಾನು ಬರೆಯುತ್ತೇನೆ. ಜರ್ಮನ್ ಸೆರೆಯಾಳುಗಳನ್ನು ಹಬ್ಬದ ಊಟಕ್ಕೆ ಕರೆಯಬಹುದು ಎಂದು ಸರ್ಕಾರ ಆ ವರ್ಷ ಒಪ್ಪಿತ್ತು. ಚರ್ಚಿನಲ್ಲಿ ಪಾದ್ರಿಗಳು ಯಾರಾದರೂ ಒಬ್ಬನನ್ನು ಕರೆದೊಯ್ಯುತ್ತೀರಾ ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಬೂಟು ನೋಡಿಕೊಳ್ಳುತ್ತಿದ್ದಾಗ ನಮ್ಮಮ್ಮ ಕೈಯೆತ್ತಿಬಿಟ್ಟಳು. ಮೀನುಬಂದರಿನಿಂದ ಬಂದ ಅಪ್ಪ ವಿಷಯ ಕೇಳಿ, ‘ನನ್ನನ್ನೊಂದು ಮಾತು ಕೇಳ್ಬಾರ್ದಿತ್ತೇನೇ?’ ಎಂದ. ‘ಕೇಳೋಣ ಅಂತಿದ್ದೆ, ಅಷ್ಟರಲ್ಲಿ ಕೈ ಎದ್ದುಬಿಡ್ತು’ ಎಂದಳು ಅಮ್ಮ. ಅಜ್ಜಿ ಮಾತ್ರ ಕೂಗಾಡಲಿಲ್ಲ. ‘ಅವನು ಹೋದ್ಮೇಲೆ ಕರೀರಿ, ಬಂದು ಉಣ್ತೀನಿ’ ಎಂದು ಹಬ್ಬದ ದಿನ ಮಹಡಿಯ ಕೋಣೆ ಸೇರಿದಳು.

ಅವನ ಹೆಸರು ಓಟ್ಮಾರ್. ನಾನು ರಾಕ್ಷಸನನ್ನು ನಿರೀಕ್ಷಿಸಿದ್ದೆ. ಬಂದವನು ಕಿವಿ ದೊಡ್ಡದಾದ, ಕುತ್ತಿಗೆ ಸಣಕಲಾದ ಒಬ್ಬ ಹುಡುಗ. ಅಂಗಿಯ ಬೆನ್ನಿಗೆ ಸೆರೆಯಾಳಿನ ತೇಪೆ. ಅಪ್ಪ ಒಬ್ಬ ರೈತನಿಗೆ ಮೀನು ಕೊಟ್ಟು ತಂದ ಕೋಳಿ ಮೇಜಿನ ಮೇಲಿತ್ತು. ರೇಷನ್ನಿನ ಆ ಕಾಲದಲ್ಲಿ ಅದೇ ನಮಗೆ ಅರಮನೆಯೂಟ. ಆಗ ನೀನು, ನನ್ನ ಮುದ್ದು ತಮ್ಮ, ಚಮಚ ಕೆಳಗಿಟ್ಟು ಸ್ಪಷ್ಟವಾಗಿ ಕೇಳಿದೆ: ‘ನಿನ್ ಬಾಂಬೆಲ್ಲಿ? ತಂದಿಲ್ವಾ?’ ಅಪ್ಪನಿಗೆ ತುತ್ತು ನೆತ್ತಿಗೇರಿತು. ಅಮ್ಮ ಕೆಂಪಾದಳು. ಓಟ್ಮಾರ್‌ಗೆ ಅಷ್ಟು ಇಂಗ್ಲಿಷ್ ತಿಳಿಯಿತು ಕಾಣುತ್ತದೆ. ಅವನು ಎರಡೂ ಅಂಗೈಗಳನ್ನು ನಿನ್ನ ಮುಂದೆ ಚಾಚಿ ತೋರಿಸಿದ.

ಆಗಲೇ ಮೆಟ್ಟಿಲ ಮೇಲೆ ಸದ್ದಾಯಿತು. ಅಜ್ಜಿ ಕಪ್ಪು ಶಾಲು ಹೊದ್ದು ನಿಂತಿದ್ದಳು. ಅವನು ದಡಬಡಿಸಿ ಎದ್ದ. ‘ಯಾವೂರು ನಿಂದು?’ ಎಂದಳು. ‘ಹ್ಯಾಂಬರ್ಗ್.’ ಅಲ್ಲಿ ನಮ್ಮ ವಿಮಾನಗಳು ಏನು ಮಾಡಿದ್ದವು ಎಂಬುದು ಬಾಂಬು ತಿಂದ ಹಲ್‌ನವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ‘ಅಮ್ಮ ಇದ್ದಾಳಾ?’ ಎಂದಳು ಅಜ್ಜಿ. ಅವನು ಪದಗಳಿಗೆ ತಡಕಾಡಿದ. ‘ಅಮ್ಮ... ಇಲ್ಲ. ತಂಗಿ... ಇಲ್ಲ. ಬೀದಿ ಇಲ್ಲ.’

ಅಜ್ಜಿ ಕೆಳಗಿಳಿದು ಬಂದು ಅವನ ತಟ್ಟೆಗೆ ಬಗ್ಗಿ ನೋಡಿ ಅಮ್ಮನನ್ನು ಗದರಿದಳು: ‘ಏನೇ ಇದು, ಮನೆಗೆ ಕರೆದು ಬರೀ ಮೂಳೆ ಬಡಿಸಿದ್ದೀಯಲ್ಲೇ!’ ತನಗೆಂದು ತೆಗೆದಿರಿಸಿದ್ದ ಕೋಳಿಯ ತೊಡೆಯನ್ನು ತಾನೇ ಅವನ ತಟ್ಟೆಗೆ ಹಾಕಿದಳು. ಆ ಹುಡುಗ ಅಳುತ್ತಾ ತಿಂದ. ನಾವು ನೋಡದವರಂತೆ ಆಲೂಗಡ್ಡೆ ತಿಂದೆವು.

ಅವನು ಹೋದ ಮೇಲೆ ಅಪ್ಪ, ‘ಒಳ್ಳೇದಾಯ್ತಮ್ಮಾ, ಕ್ಷಮಿಸಿಬಿಟ್ಟೆ’ ಎಂದ. ಅಜ್ಜಿ ಸಿಡಿದಳು. ‘ಯಾರೋ ಕ್ಷಮಿಸಿದ್ದು? ಹಸಿದಿದ್ದ, ಬಡಿಸ್ದೆ. ಅಷ್ಟೇ.’

ಆಮೇಲೆ ಬೀದಿಯವರು ಸುಮ್ಮನಿದ್ದರೇ? ಎದುರುಮನೆಯ ಥ್ಯಾಕ್ರೆಯಮ್ಮ ನಮ್ಮಮ್ಮನ ಜೊತೆ ಮಾತು ಬಿಟ್ಟಳು. ಬ್ರೆಡ್ಡಿನ ಸಾಲಿನಲ್ಲಿ ‘ಕೆಲವರಿಗೆ ಸತ್ತವರ ನೆನಪೇ ಇರಲ್ಲ’ ಎಂದು ಗಾಳಿಗೆ ಮಾತು ತೂರಿದಳು. ಅಮ್ಮನ ಹಿಂದೆಯೇ ನಿಂತಿದ್ದ ಅಜ್ಜಿ ಮುಂದೆ ಬಂದು, ‘ಸತ್ತೋಳು ನನ್ನ ಮಗಳು ಕಣಮ್ಮಾ. ಬಡಿಸ್ದೋಳೂ ನಾನೇ. ನಿಂದೇನು?’ ಎಂದಳು. ನನಗೆ ಹೆಮ್ಮೆಯಿಂದ ಕುಣಿಯುವಂತಾಗಿತ್ತು. ಓಟ್ಮಾರ್ ಊರಿಗೆ ಮರಳುವವರೆಗೂ ಭಾನುವಾರಗಳಂದು ಬರುತ್ತಿದ್ದ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರಿನವರೆಗೂ ಹೋಗುತ್ತಿದ್ದ. ನೀನು ಅವನ ಕಿವಿಗಳನ್ನೇ ಕುದುರೆಯ ಲಗಾಮು ಮಾಡಿಕೊಂಡಿದ್ದೆ. ಅವನು ಹೊರಟ ದಿನ ಎರಡು ಹೊತ್ತು ಊಟ ಬಿಟ್ಟವನು ನೀನು. ಅಜ್ಜಿ ಕೊನೆಯವರೆಗೂ ಅವನನ್ನು ‘ಆ ಹುಡುಗ’ ಎಂದೇ ಕರೆದಳು, ಹೆಸರು ಹಿಡಿಯಲಿಲ್ಲ. ಹಿಲ್ಡಾ ಅತ್ತೆಗಾಗಿ ಅಳುವುದನ್ನೂ ಬಿಡಲಿಲ್ಲ.

ಕೈ ನೋಯುತ್ತಿದೆ, ಮುಗಿಸುತ್ತೇನೆ. ಬೆರಿಲ್‌ಗೆ ನನ್ನ ಅಕ್ಕರೆ ತಿಳಿಸು. ದೇವರು ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಮುರಿಯಲ್

ಮರೆತಿದ್ದೆ: ನಿನ್ನ ಮಗಳು ಲಿನೆಟ್‌ಗೆ ಫೋನ್ ಮಾಡಿದ್ದೆ. ಜಪಾನಿನವನನ್ನು ಕೈಹಿಡಿದಳೆಂದು ಅವಳ ಮದುವೆಗೆ ನೀನು ಹೋಗಲಿಲ್ಲ. ಬೆರಿಲ್‌ಳ ಅಪ್ಪ ಜಪಾನೀಯರ ಸೆರೆಯಲ್ಲಿ ಸತ್ತದ್ದನ್ನು ನಾನೂ ಮರೆತಿಲ್ಲ. ಆದರೆ ಅವಳ ಗಂಡ ಮಸಾರು ಆಗ ಹುಟ್ಟಿಯೇ ಇರಲಿಲ್ಲ ಕಣೋ. ಈಸ್ಟರ್ ದಿನ ಮಧ್ಯಾಹ್ನ ಇಬ್ಬರೂ ನಿನ್ನ ಮನೆಗೆ ಬರುತ್ತಾರೆ. ಬೆರಿಲ್‌ಗೆ ಗೊತ್ತು, ಅಡುಗೆ ಮಾಡುತ್ತೇನೆ ಎಂದಿದ್ದಾಳೆ. ಬಾಗಿಲು ಮಾತ್ರ ನೀನೇ ತೆಗೆ. ಬೆರಿಲ್‌ಳನ್ನು ಕಳಿಸಬೇಡ.